ಹೆಸರು ಕೂಗುವ ಹೊತ್ತು

"ಗಿರೀ..."

"ಇದ್ದೀನಣ್ಣ."

"ಆದಿನಾರಾಯಣಾ..."

"ಪ್ರೆಸೆಂಟ್ ಸಾರ್!"

ಆದಿಲಕ್ಷ್ಮಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಉಸಿರು ಬಿಗಿಹಿಡಿದು ಕೂತಳು. ಮುಂದಿನ ಹೆಸರು ಅವಳ ಮಗನದು. ಫೋನಿನೊಳಗಿನ ಮುದಿ ದನಿ ಒಮ್ಮೆ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, "ವೇ..." ಎಂದಿತು. ಅಷ್ಟೇ. ಆಟದ ಕೋಟೆ, ಕೋಟೆಯ ಬಾಗಿಲು, ಬಾಗಿಲ ಮುಂದೆ ನಿಂತಿದ್ದ ನಾಲ್ಕು ಜನ ಸೈನಿಕರು, ಎಲ್ಲವೂ ಒಂದೇ ಸಲಕ್ಕೆ ಮಾಯವಾಗಿ ಕಪ್ಪು ಗಾಜಿನಲ್ಲಿ ಅವಳ ಮುಖವೇ ಅವಳಿಗೆ ಕಾಣಿಸಿತು.

"ನಿನ್ ಮನೆ ಆಳಾಗ!" ಎಂದು ಫೋನನ್ನು ಬೈದಳು. ಮರುಗಳಿಗೆಯಲ್ಲೇ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಹಾಗೆ ಬಿಸಿಯಾಗಿತ್ತು.

ಹಿಂದಿನ ಮುಚ್ಚಳ ತೆಗೆದಳು. ನೀರಿನ ಮಡಕೆಗೆ ಸುತ್ತಿದ್ದ ಒದ್ದೆ ಬಟ್ಟೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕವರು ಹಾಸಿ, ಅದರ ಮೇಲೆ ಫೋನನ್ನು ಮಲಗಿಸಿದಳು. ಐವತ್ತು ಎಣಿಸಿದಳು. ಪಕ್ಕದ ಗುಂಡಿಯನ್ನು ಫೋನು ಒಮ್ಮೆ ನಡುಗುವವರೆಗೂ ಒತ್ತಿ ಹಿಡಿದಳು. ಏಳು ತಿಂಗಳಲ್ಲಿ ಅವಳು ಕಲಿತ ವಿದ್ಯೆ ಇಷ್ಟು. ಒಂದಿಷ್ಟು ತನ್ನ ಮನೆಯ ವೈಫೈ ಕೊಟ್ಟಿದ್ದ ಎದುರುಮನೆಯ ಪುಷ್ಪ ಹೇಳಿಕೊಟ್ಟದ್ದು, ಒಂದಿಷ್ಟು ಆಟದ ಹುಡುಗರು ತಮ್ಮತಮ್ಮಲ್ಲೇ ಬೈದಾಡಿಕೊಳ್ಳುವಾಗ ಕೇಳಿಸಿಕೊಂಡದ್ದು. ಆದರೆ ಮೊನ್ನೆ ರಾತ್ರಿ ಆಟಕ್ಕೆ ಅದೇನೋ ಹೊಸ ಅಪ್‌ಡೇಟ್ ಬಂದ ಮೇಲೆ ಯಾವ ವಿದ್ಯೆಯೂ ನಡೆಯುತ್ತಿರಲಿಲ್ಲ. ಮತ್ತೆ ಕೋಟೆ ಕಾಣಿಸುವ ಹೊತ್ತಿಗೆ ಅವರೆಲ್ಲ ಬಾಗಿಲು ದಾಟಿ ಒಳಗೆ ಹೋಗಿಬಿಟ್ಟಿದ್ದರು. ಹೊರಗೆ ಅವಳ ಹುಡುಗನೊಬ್ಬನೇ ಕೊಡಲಿ ಹಿಡಿದು ನಿಂತಿದ್ದ.

ನೆನ್ನೆಯೂ ಹೀಗೇ ಆಗಿತ್ತು. ಇವತ್ತಿಗೆ ಎರಡು ದಿನ.

ವೇಣು ಹೋಗಿ ಏಳು ತಿಂಗಳಾಗಿತ್ತು. ಮೂರೇ ದಿನದ ಜ್ವರ. ಇಪ್ಪತ್ತಮೂರು ವರ್ಷದ, ಕಲ್ಲು ತಿಂದು ಕರಗಿಸಿಕೊಳ್ಳುವಂಥ ಹುಡುಗ. ಮಣ್ಣು ಮಾಡಿ ಬಂದ ದಿನ ಅವನಪ್ಪ ಆಂಜಿನಪ್ಪ ಜಗಲಿಯ ಮೇಲೆ ಕೂತು, "ಇನ್‌ಮ್ಯಾಕೆ ಈ ಮನೇಲಿ ಆ ಎಸ್ರು ಯಾರೂ ಎತ್‌ಬಾರ್ದು. ಎತ್ತಿದ್ರೆ ನಾನು ಉಳಿಯಾಕಿಲ್ಲ," ಎಂದಿದ್ದ. ಗೂಡ್ಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಆಳು ಅವನು. ಅಂಥವನು ಹಾಗೆ ಅಂದ ಮೇಲೆ ಯಾರು ಎದುರಾಡುತ್ತಾರೆ? ನೆಂಟರು ನಿಲ್ಲಿಸಿದರು, ಬೀದಿಯವರೂ ನಿಲ್ಲಿಸಿದರು. ಮಾತು ಬಂದರೆ "ಅವ್ನು" ಎನ್ನುತ್ತಿದ್ದರು, ಇಲ್ಲವೇ "ನಿಮ್ ಉಡ್ಗ". ದಿನಕ್ಕೆ ನಲವತ್ತು ಸಲ ಕೂಗಿ ಕರೆದ ಹೆಸರು ಊರಿನಿಂದಲೇ ಎದ್ದುಹೋಯಿತು. ಆದಿಲಕ್ಷ್ಮಮ್ಮ ಪೂರಿ ಹಿಟ್ಟು ನಾದುವಾಗ ಬಾಯೊಳಗೇ ಹೇಳಿಕೊಂಡು ನೋಡಿದ್ದಳು. ತಾನೇ ಹೇಳಿ ತಾನೇ ಕೇಳಿದರೆ ಅದು ಕರೆದ ಹಾಗಾಗುವುದಿಲ್ಲ, ಇನ್ನೊಬ್ಬರು ಕರೆಯಬೇಕು.

ಹದಿನೈದನೆಯ ದಿನ ಸಂಜೆ ಆರೂವರೆಗೆ ಗೂಡಿನಲ್ಲಿದ್ದ ಅವನ ಫೋನು ಕುಯ್ಯೋ ಎಂದು ಕೂಗಿತ್ತು. ಏನೆಂದು ನೋಡಲು ಹೋಗಿ ಹಸಿರು ಉಂಗುರದಂಥದ್ದೇನನ್ನೋ ಮುಟ್ಟಿದ್ದಳು. ಯಾವುದೋ ಕೋಟೆಯ ಮುಂದೆ ಜನ ನಿಂತಿದ್ದರು. "ವೇಣೂ... ಇದ್ದೀಯಾ ತಂಬೀ?" ಎಂದು ಯಾರೋ ಮುದುಕ ಕೂಗಿದ. ಅವನು ಮತ್ತೆ ಕೂಗಿದ, "ವೇಣೂ..." ಮೂರನೆಯ ಸಲ ಇನ್ನೂ ಗಟ್ಟಿಯಾಗಿ ಕೂಗಿದ. ಗಾಬರಿಯಲ್ಲಿ ಎಲ್ಲೋ ಬೆರಳು ತಗಲಿ, ಕೆಂಪು ರುಮಾಲಿನ ಸೈನಿಕನೊಬ್ಬ ಮೆಲ್ಲಗೆ ಬಲಗೈ ಎತ್ತಿದ. ಅವನ ತಲೆಯ ಮೇಲೆ ಮಗನ ಹೆಸರು ಬರೆದಿತ್ತು. ಅದನ್ನು ಓದಿ ಹೇಳಿದವಳು ಆಮೇಲೆ ಪುಷ್ಪ.

"ಓ, ಮೈಕು ಹೋಯ್ತಾ ನಿಂದು?" ಎಂದಿತ್ತು ಮುದಿ ದನಿ. "ಪರವಾಗಿಲ್ಲ ಬುಡು. ಗಣಿ ಒಳಗೆ ಡ್ರಿಲ್ಲು ಓಡೋವಾಗ ನಮ್ದು ಬಾಯಿ ಯಾರಿಗೆ ಕೇಳಿಸ್ತಿತ್ತು? ತಲೆ ಮೇಲಿಂದು ದೀಪ ಆಡಿಸಿದ್ರೆ ಮೇಸ್ತ್ರಿ ಲೆಕ್ಕ ತಗೋತಿದ್ದ. ನೀನು ಕೈ ಎತ್ತು, ಸಾಕು."

ಅಂದಿನಿಂದ ದಿನಾ ಆರೂವರೆಗೆ ಅವಳು ಒಲೆ ಆರಿಸಿ ಕೂರುತ್ತಿದ್ದಳು. ಆಟದ ಹೆಸರು 'ಏಳು ಕೋಟೆ'. ಅದರ ತಲೆಬುಡ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮುದುಕನ ಹೆಸರು ಆರುಮುಗಂ, ಕೋರಮಂಡಲ್‌ನವನು, ಚಿನ್ನದ ಗಣಿ ಮುಚ್ಚುವವರೆಗೂ ನೆಲದೊಳಗೆ ಕೆಲಸ ಮಾಡಿದವನು, ಎದೆಯಲ್ಲಿ ಕಲ್ಲಿನ ಧೂಳು ಕೂತು ಈಗ ಹತ್ತು ಹೆಜ್ಜೆ ನಡೆಯಲಾರದವನು ಎಂಬುದಷ್ಟು ಗೊತ್ತು. ನಡೆಯಲಾಗದ ಮನುಷ್ಯ ಫೋನಿನೊಳಗೆ ಓಡಿ ಗೋಡೆ ಹತ್ತುತ್ತಿದ್ದ. ಗಿರಿ ಮುಳಬಾಗಿಲಿನವನು, ಆದಿನಾರಾಯಣ ಕುಪ್ಪಂ ಕಡೆಯವನು. ನಾಲ್ವರಲ್ಲಿ ಒಬ್ಬರು ಇನ್ನೊಬ್ಬರ ಮುಖ ಕಂಡವರಲ್ಲ. ಹೆಸರು ಪರದೆಯ ಮೇಲೇ ಇರುವಾಗ ಕೂಗುವುದ್ಯಾಕೆ ಎಂದು ಹುಡುಗರು ನಗಾಡುತ್ತಿದ್ದರು. ಆರುಮುಗಂ ಮಾತ್ರ ಬಿಡುತ್ತಿರಲಿಲ್ಲ.

"ಸ್ಕ್ರೀನು ಸುಳ್ಳು ಹೇಳುತ್ತೆ ತಂಬಿ. ಹೆಸರು ಕೂಗದೆ ನಮ್ ಮೇಸ್ತ್ರಿ ಒಬ್ಬನ್ನೂ ಕೆಳಗೆ ಇಳಿಸ್ತಿರ್ಲಿಲ್ಲ, ಮನೇಗೂ ಬಿಡ್ತಿರ್ಲಿಲ್ಲ."

ಸುಮ್ಮನೆ ನಿಲ್ಲುವ ವೇಣುವಿನ ಮೇಲೆ ಗಿರಿಗೆ ತುಂಬ ಸಿಟ್ಟು. "ಅಣ್ಣಾ, ಇವನದು ಏನೋ ಬಗ್ ಐತೆ. ನಡಿಯಲ್ಲ, ಬಡಿಯಲ್ಲ, ದೆವ್ವದಂಗೆ ನಿಂತವ್ನೆ. ಇವನ್ನ ತೆಗೆದು ನಮ್ ಷಡ್ಡಕನ್ನ ಸೇರಿಸ್ಕೊಳಣ" ಎಂದು ವಾರಕ್ಕೊಮ್ಮೆ ಕೇಳುವವನೇ. ಅವನು ದೆವ್ವ ಎಂದಾಗೆಲ್ಲ ಇಲ್ಲಿ ಆದಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆರುಮುಗಂ ಹೇಳುವುದು ಒಂದೇ ಮಾತು: "ಕೈ ಎತ್ತಿದಾನಲ್ಲ? ಇದ್ದಾನೆ."

ಒಮ್ಮೆ, ಯುಗಾದಿಯಾದ ಮೇಲೆ, ಆಟ ಕೆಟ್ಟು ಅವಳ ಹುಡುಗ ಎದೆಮಟ್ಟ ನೆಲದೊಳಗೆ ಹೂತುಹೋಗಿದ್ದ. ರುಮಾಲು, ಮುಖ, ಭುಜ ಮಾತ್ರ ಮೇಲೆ. ಹುಡುಗರು ಬಿದ್ದುಬಿದ್ದು ನಕ್ಕರು. ಅವಳು ಎರಡು ದಿನ ಅನ್ನ ಮುಟ್ಟಲಿಲ್ಲ. ತನ್ನ ಕೈಯಿಂದಲೇ ಮೂರು ಹಿಡಿ ಮಣ್ಣು ಹಾಕಿ ಬಂದವಳಿಗೆ ಅದನ್ನು ಹೇಗೆ ನೋಡುವುದಕ್ಕಾಗುತ್ತದೆ? ಮೂರನೆಯ ಸಂಜೆ ಆರುಮುಗಂ, "ನಗಬೇಡ್ರೋ. ಮಣ್ಣೊಳಗೆ ಇರೋದು ಏನಂತ ನಿಮಗೇನು ಗೊತ್ತು?" ಎಂದು ಗದರಿಸಿ, "ವೇಣೂ, ಪೂರ್ತಿ ಆಫ್ ಮಾಡಿ ತಿರುಗಾ ಬಾ ತಂಬಿ, ಮೇಲಕ್ಕೆ ಬಂದುಬಿಡ್ತೀಯ," ಎಂದ. ಅವಳು ಆಫ್ ಮಾಡಿ, ದೇವರ ಪಟಕ್ಕೆ ಕೈಮುಗಿದು, ತಿರುಗಿ ಹಾಕಿದಳು. ಹುಡುಗ ಗಟ್ಟಿ ನೆಲದ ಮೇಲೆ ನಿಂತಿದ್ದ. ಅವತ್ತು ಅವಳು ಅತ್ತ ಅಳು ಆಂಜಿನಪ್ಪನಿಗೆ ಕೇಳಿಸದಿರಲಿ ಎಂದು ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

ಅಂಥ ಆರುಮುಗಂ ಈಚೆಗೆ, ಗಿರಿಯ ಕಾಟಕ್ಕೆ, ಇನ್ನೊಂದು ಕಟ್ಟಳೆ ಮಾಡಿದ್ದ. ಮೂರು ದಿನ ಹೆಸರಿಗೆ ಉತ್ತರ ಬರದಿದ್ದರೆ ಪಟ್ಟಿಯಿಂದ ತೆಗೆದುಬಿಡುವುದು. ನಾಳೆಗೆ ಮೂರು ದಿನ.

ಆಂಜಿನಪ್ಪ ಏಳು ಗಂಟೆಗೆ ಬಂದು ಕಾಲು ತೊಳೆದುಕೊಂಡ. ಮಡಕೆಯ ಪಕ್ಕದಲ್ಲಿ ಫೋನು ಬಿದ್ದಿರುವುದನ್ನು ನೋಡಿ ಮುಖ ತಿರುಗಿಸಿದ.

"ಇನ್ನೂ ಅದುನ್ನ ಇಡ್ಕೊಂಡೇ ಕುಂತಿದ್ದೀಯಾ?"

"ಕೆಟ್ಟೋಗೈತೆ."

"ಓಗ್ಲಿ ಬುಡು. ಒಳ್ಳೇದೇ ಆಯ್ತು."

"ನಾಳೆ ರಾಬರ್ಟ್‌ಸನ್‌ಪೇಟೆಗೆ ಓಗ್ಬತ್ತೀನಿ. ಅಲ್ಲೊಬ್ಳು ರಿಪೇರಿ ಮಾಡ್ತಾಳಂತೆ. ಪುಷ್ಪ ಏಳಿದ್ಳು."

"ಯಾತಕ್ಕಮ್ಮೀ?" ಅವನ ದನಿ ಏರಲಿಲ್ಲ, ಇಳಿಯಿತು. "ಅದ್ರಾಗೆ ಇನ್ಯಾರು ಮಾತಾಡ್ಬೇಕು?"

ಅವಳು ತಟ್ಟೆ ಇಟ್ಟು ಮುದ್ದೆ ಬಡಿಸಿದಳು. ಕೆಟ್ಟವನಲ್ಲ ಅವನು. ಆ ಒಂದು ಹೆಸರಿಗೆ ಹೆದರಿ ಸಾಯುತ್ತಿದ್ದಾನೆ ಎಂದು ಅವಳಿಗೂ ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ ಅವನ ಮೇಲೆ ಅವಳಿಗೆ ಕೆಟ್ಟ ಕೋಪ ಬಂತು.

ಮರುದಿನ ಬೆಳಗ್ಗೆ ಚಾಟ್ ಅಂಗಡಿಗೆ ಕೊಡಬೇಕಾದ ಪೂರಿಯನ್ನು ಕರಿದು ಮುಗಿಸಿ, ಒಂದು ಪೊಟ್ಟಣ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದಿದ್ದ ಸೈನೈಡ್ ದಿಬ್ಬದ ಧೂಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ಫೋನನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದ ಹೆಂಗಸು ಮೀನೇ ಎಂದು ಕೇಳಿದಳು.

ರಿಪೇರಿ ಮಾಡುವ ಶ್ಯಾಮಲಾಳ ಅಂಗಡಿ ಮಾರ್ಕೆಟ್ಟಿನ ಪಕ್ಕ ಒಂದು ಮೆಟ್ಟಿಲ ಕೆಳಗಿನ ಜಾಗ. ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು. ಮೂವತ್ತರ ಆಸುಪಾಸಿನ ಗುಂಡನೆಯ ಹೆಂಗಸು, ಹಣೆಯ ಮೇಲೊಂದು ಭೂತಗನ್ನಡಿ. ಫೋನು ಬಿಚ್ಚಿದವಳೇ ನಕ್ಕಳು.

"ಅಯ್ಯೋ ಅಮ್ಮಾ, ಬ್ಯಾಟರಿ ನೋಡಿ, ನೀವು ತಂದಿರೋ ಪೂರಿ ಥರಾ ಊದಿದೆ. ಒಡೀಲಿಲ್ಲ, ನಿಮ್ಮ ಪುಣ್ಯ. ಇದರಲ್ಲಿ ಗೇಮ್ ಬೇರೆ ಆಡ್ತೀರಾ?"

"ನಾನಲ್ಲ. ನನ್ ಮಗ."

"ಹಂಗಾದ್ರೆ ಈ ಫೋನ್ ಬಿಟ್ಟುಬಿಡಿ. ಹೊಸ ಗೇಮಿನ ಭಾರ ಇದಕ್ಕೆ ತಡೆಯಲ್ಲ. ಬೇರೆ ಫೋನಲ್ಲಿ ಹಾಕ್ಕೊಡ್ತೀನಿ, ಎಲ್ಲಾ ಹಾಗೇ ಬರುತ್ತೆ. ಪಾಸ್‌ವರ್ಡ್ ಏನು?"

"ಗೊತ್ತಿಲ್ಲಮ್ಮ."

"ಮಗನಿಗೆ ಫೋನ್ ಮಾಡಿ ಕೇಳಿ."

"ಆಗಾಕಿಲ್ಲ."

"ಡ್ಯೂಟಿಲಿದ್ದಾರಾ? ಸಂಜೆ ಕಳಿಸಿ ಬೇಕಾದ್ರೆ."

ಆದಿಲಕ್ಷ್ಮಮ್ಮ ಪೂರಿ ಪೊಟ್ಟಣದ ದಾರವನ್ನು ಬಿಚ್ಚಿದಳು, ತಿರುಗಿ ಕಟ್ಟಿದಳು. ಶ್ಯಾಮಲಾ ತಲೆಯೆತ್ತಿ ಅವಳ ಮುಖ ನೋಡಿ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟಳು. ಎದ್ದು ಹೋಗಿ ಎದುರಂಗಡಿಯಿಂದ ಟೀ ತಂದುಕೊಟ್ಟಳು. ಆಗ ಆದಿಲಕ್ಷ್ಮಮ್ಮ ಎಲ್ಲವನ್ನೂ ಹೇಳಿದಳು. ಗಂಡನ ಬಳಿಯೂ ಹೇಳದ್ದನ್ನು, ಹೆಸರು ಕೂಗುವುದನ್ನು, ಕೈ ಎತ್ತುವುದನ್ನು, ಇವತ್ತು ಮೂರನೆಯ ದಿನ ಎಂಬುದನ್ನು, ಕಂಡರಿಯದ ಹೆಂಗಸಿನ ಮುಂದೆ ಒಂದೇ ಉಸಿರಿಗೆ ಸುರಿದಳು.

"ನಂಗೆ ಆಟ ಬ್ಯಾಡಮ್ಮ, ಕ್ವಾಟೆ ಬ್ಯಾಡ. ಅವ್ನ ಎಸ್ರು ಕೂಗೋರು ಈ ಪ್ರಪಂಚದಾಗೆ ಅವ್ರೊಬ್ರೇ ಉಳ್ಕಂಡವ್ರೆ. ಅದೊಂದು ಕೇಳ್ಸಿದ್ರೆ ಸಾಕು."

ಪಾಸ್‌ವರ್ಡ್ ಇಲ್ಲದಿದ್ದರೆ ಮಗನ ನಂಬರಿಗೆ ಒಂದು ಓಟಿಪಿ ಬರುತ್ತದೆ, ಅದನ್ನು ಹಾಕಿದರೂ ಆಗುತ್ತದೆ ಎಂದಳು ಶ್ಯಾಮಲಾ. ರೀಚಾರ್ಜ್ ಮಾಡಿಸದೆ ಎಷ್ಟು ದಿನವಾಯಿತು ಎಂದು ಕೇಳಿ, ಯಾವುದಕ್ಕೂ ಇರಲಿ ಎಂದು ತನ್ನ ಫೋನಿನಿಂದ ಆ ನಂಬರು ಒತ್ತಿ ಸ್ಪೀಕರಿಗೆ ಹಾಕಿದಳು. ರಿಂಗಾಯಿತು. ಆದಿಲಕ್ಷ್ಮಮ್ಮ ಮುಂದಕ್ಕೆ ಬಗ್ಗಿದಳು. "ಹಲೋ, ಕೌನ್?" ಎಂದಿತು ಯಾವುದೋ ಹೆಣ್ಣು ದನಿ. ಹಿಂದೆ ಮಗುವೊಂದು ಅಳುತ್ತಿತ್ತು. ರಾಂಗ್ ನಂಬರ್ ಎಂದು ಹೇಳಿ ಶ್ಯಾಮಲಾ ಫೋನಿಟ್ಟಳು.

"ನಂಬರು ಬೇರೆಯೋರಿಗೆ ಕೊಟ್ಟುಬಿಟ್ಟಿದ್ದಾರಮ್ಮಾ. ಇನ್ನು ಆ ಗೇಮಿಗೆ ಹೋಗೋಕೆ ಇದೊಂದೇ ಫೋನು ದಾರಿ. ಇದು ಹೋದ್ರೆ ಹೋಯ್ತು."

"ಇವತ್ತೊಂದಿನ ನಡೆಸ್ಕೊಡಮ್ಮ. ನಿನ್ ಕಾಲಿಗೆ ಬೀಳ್ತೀನಿ."

"ಛೇ ಛೇ, ಅದೆಲ್ಲ ಬೇಡ. ನೋಡೋಣ ಇರಿ."

ಮೂರು ಗಂಟೆ ಹೊತ್ತು ಶ್ಯಾಮಲಾ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಬೇರೊಂದು ಫೋನಿನ ಬ್ಯಾಟರಿ ತೆಗೆದು ಇದಕ್ಕೆ ಕೂರಿಸಿದಳು. ಬೇಡದ್ದನ್ನೆಲ್ಲ ಅಳಿಸಿದಳು, ವೇಣುವಿನ ಫೋಟೋಗಳನ್ನು ಮಾತ್ರ ಒಂದು ಕಾರ್ಡಿಗೆ ತುಂಬಿ ಆದಿಲಕ್ಷ್ಮಮ್ಮನ ಕೈಗೆ ಕೊಟ್ಟಳು. ತನ್ನ ಫೋನಿನ ನೆಟ್ ಕೊಟ್ಟು, ಹಿಂದಿನ ಮುಚ್ಚಳ ಹಾಕದೆ ಪುಟ್ಟ ಫ್ಯಾನಿನ ಎದುರು ಫೋನನ್ನು ನಿಲ್ಲಿಸಿದಳು. "ಈಗ ತೆರೆದು ನೋಡೋದು ಬೇಡ. ಆರೂವರೆಗೇ ಒಂದು ಸಲ. ಎಷ್ಟು ಹೊತ್ತು ನಿಲ್ಲುತ್ತೆ ಅಂತ ನಾನು ಹೇಳಲಾರೆ," ಎಂದಳು. ಇಬ್ಬರೂ ಗಡಿಯಾರ ನೋಡುತ್ತ ಕೂತರು. ಚಾರ್ಜರ್ ಕೇಳಲು ಬಂದವನೊಬ್ಬನನ್ನು ಶ್ಯಾಮಲಾ ನಾಳೆ ಬಾ ಎಂದು ಸಾಗಹಾಕಿದಳು.

ಆರೂವರೆಗೆ ಕೋಟೆ ತೆರೆಯಿತು. ಕೆಂಪು ರುಮಾಲಿನ ಹುಡುಗ ನಿಂತಿದ್ದ. ಅಲ್ಲಲ್ಲಿ ಗೋಡೆ ಚೂರುಚೂರಾಗಿ ಕಾಣುತ್ತಿತ್ತು, ಆದರೆ ದನಿ ನಿಚ್ಚಳವಾಗಿ ಬಂತು.

"ಗಿರೀ..."

"ಇದ್ದೀನಣ್ಣ."

"ಆದಿನಾರಾಯಣಾ..."

"ಹ್ಞೂ."

"ವೇಣೂ..."

ಪೂರ್ತಿ ಕೇಳಿಸಿತು. ಆದಿಲಕ್ಷ್ಮಮ್ಮನ ಕಣ್ಣು ತುಂಬಿತು. ಅವಸರದಲ್ಲಿ ಕೈ ಎತ್ತುವ ಗುಂಡಿ ಒತ್ತಹೋದಳು. ಅಪ್‌ಡೇಟ್ ಆದ ಆಟದಲ್ಲಿ ಗುಂಡಿ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಖಾಲಿ ಚೌಕವೊಂದಿತ್ತು. ಒತ್ತಿದಳು, ಸುತ್ತಮುತ್ತ ಒತ್ತಿದಳು. ಶ್ಯಾಮಲಾ ಬಗ್ಗಿ ತಾನೂ ಒತ್ತಿದಳು. ಹುಡುಗ ಕದಲಲಿಲ್ಲ.

"ವೇಣೂ... ಇದ್ದೀಯಾ ತಂಬೀ?"

"ಅಣ್ಣಾ, ನಾನ್ ಏಳ್ಲಿಲ್ವಾ," ಎಂದ ಗಿರಿ. "ಮೂರು ದಿನ ಆಯ್ತು. ಸಾಕು ಬುಡು, ತೆಗಿ."

"ಇರೋ ಸ್ವಲ್ಪ. ವೇಣೂ!" ಆರುಮುಗಂ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ನೋಡಪ್ಪಾ, ಮೂರು ಸಲ ಕೂಗಿದ್ದೀನಿ. ಮನಸಿಲ್ಲದೆ ತೆಗೀತಾ ಇದ್ದೀನಿ. ತಪ್ಪು ತಿಳ್ಕೋಬೇಡ."

ಆದಿಲಕ್ಷ್ಮಮ್ಮ ಶ್ಯಾಮಲಾಳ ತೋಳು ಹಿಡಿದಳು. "ಮಾತಾಡೋದು ಎಲ್ಲಿ? ಎಲ್ಲಿ ಒತ್ಬೇಕು?" ಶ್ಯಾಮಲಾ ಮೂಲೆಯ ಮೈಕಿನ ಗುರುತನ್ನು ಒತ್ತಿ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

"ತೆಗೀಬ್ಯಾಡ್ರಣ್ಣೋ!"

ಕೋಟೆಯ ಮುಂದೆ ಮೂವರು ಸೈನಿಕರೂ ಕೆಂಪು ರುಮಾಲಿನ ಕಡೆ ತಿರುಗಿದರು.

"ಯಾರಮ್ಮಾ ಅದು?" ಎಂದ ಆರುಮುಗಂ.

"ನಾನು ವೇಣು ತಾಯಿ."

ಏಳು ತಿಂಗಳಲ್ಲಿ ಮೊದಲ ಸಲ ಆ ಹೆಸರು ಅವಳ ಗಂಟಲಿನಿಂದ ಗಟ್ಟಿಯಾಗಿ ಹೊರಬಂದಿತ್ತು.

"ಓ, ವಣಕ್ಕಮ್ಮಾ. ಪೂರಿ ಮಾಡೋ ತಾಯಿ ಅಲ್ವಾ, ಬಂಗಾರಪೇಟೆ? ಮುಂಚೆ ಯಾವಾಗ್ಲೂ ಹೇಳೋನು. ತಂಬಿ ಕೈಗೆ ಕೊಡಿ ಫೋನು, ಒಂದು ಮಾತು ಬೈತೀನಿ ಅವನಿಗೆ."

"ಅವ್ನಿಲ್ಲಣ್ಣ."

"ಕೆಲಸದಿಂದ ಬಂದಿಲ್ವಾ?"

"ಇಲ್ಲ ಕಣಣ್ಣ. ಅವ್ನು ಓಗಿ ಏಳ್ ತಿಂಗ್ಳಾಯ್ತು. ಜರ ಬಂದಿತ್ತು."

ಆಮೇಲೆ ಗಿರಿಯ ದನಿ ಬಂತು, ಅದರಲ್ಲಿ ಈಗ ಸಿಟ್ಟಿರಲಿಲ್ಲ. "ಮತ್ತೆ ಅಮ್ಮಾ... ದಿನಾ ಕೈ ಎತ್ತತಾ ಇದ್ದಿದ್ದು?"

"ನಾನೇ ಕಣಪ್ಪ. ನೀವು ಕೂಗೋದು ಕೇಳಾಕೆ ಬತ್ತಿದ್ದೆ. ತಪ್ಪಾಯ್ತು. ಮನೇಲಿ ಅವ್ನ ಎಸ್ರು ಯಾರೂ ಎತ್ತಾಕಿಲ್ಲ..."

ಆರುಮುಗಂ ಏನೋ ಹೇಳಲು ಉಸಿರೆಳೆದುಕೊಂಡದ್ದು ಕೇಳಿಸಿತು. ಅಷ್ಟರಲ್ಲಿ ಪರದೆ ಒಮ್ಮೆ ಬೆಳ್ಳಗಾಗಿ ಕಪ್ಪಾಯಿತು.

ಶ್ಯಾಮಲಾ ಏಳೂವರೆಯವರೆಗೂ ಒದ್ದಾಡಿದಳು. ಫೋನು ಮತ್ತೆ ನಡುಗಲಿಲ್ಲ, ಬೆಳಗಲಿಲ್ಲ. ಬೋರ್ಡೇ ಸುಟ್ಟುಹೋಗಿದೆ ಎಂದು ಹೇಳುವಾಗ ಅವಳು ಆದಿಲಕ್ಷ್ಮಮ್ಮನ ಮುಖ ನೋಡಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದು ಸೀಟು ಹಿಡಿದು ಕೂರಿಸಿ ಹೋದಳು.

ಬಸ್ಸಿನಲ್ಲಿ ಆದಿಲಕ್ಷ್ಮಮ್ಮ ಒಂದೇ ಸಮನೆ ತನ್ನನ್ನು ಶಪಿಸಿಕೊಂಡಳು. ಸುಮ್ಮನಿದ್ದಿದ್ದರೆ ಫೋನು ಕೆಟ್ಟು ಹುಡುಗ ಬರಲಿಲ್ಲ ಎಂದುಕೊಳ್ಳುತ್ತಿದ್ದರು. ಮುಳಬಾಗಿಲಿನಲ್ಲಿ, ಕುಪ್ಪಂನಲ್ಲಿ, ಕೋರಮಂಡಲ್‌ನಲ್ಲಿ ಮೂರು ಜನರ ಪಾಲಿಗಾದರೂ ವೇಣು ಎಲ್ಲೋ ಬದುಕಿರುತ್ತಿದ್ದ. ಏಳು ತಿಂಗಳು ನಿಲ್ಲಿಸಿಕೊಂಡಿದ್ದವನನ್ನು ತನ್ನ ಬಾಯಾರೆ ಇಲ್ಲ ಎಂದುಬಿಟ್ಟೆನಲ್ಲ, ನಾಲಿಗೆ ಸೇದಿಹೋಗಬಾರದಿತ್ತೇ ಎಂದುಕೊಂಡಳು. ಮನೆಗೆ ಬಂದು ತಲೆನೋವೆಂದು ಮಲಗಿದಳು. ಆಂಜಿನಪ್ಪ ತಾನೇ ಅನ್ನ ಬಸಿದು, ಒಂದು ತಟ್ಟೆಯಲ್ಲಿ ಕಲಸಿ ಅವಳ ತಲೆಯ ಹತ್ತಿರ ಇಟ್ಟ.

ಅದಾದ ಮೂರನೆಯ ದಿನ ಭಾನುವಾರ. ಆಂಜಿನಪ್ಪ ಮನೆಯಲ್ಲೇ ಇದ್ದ, ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಆದಿಲಕ್ಷ್ಮಮ್ಮ ಒಳಗೆ ಹಿಟ್ಟು ಲಟ್ಟಿಸಿ ತಗಡಿನ ಮುಚ್ಚಳದಿಂದ ಪೂರಿ ಕತ್ತರಿಸುತ್ತಿದ್ದಳು. ಆಟೋ ಒಂದು ಬಂದು ನಿಂತ ಸದ್ದಾಯಿತು. ಆಮೇಲೆ ಕೆಮ್ಮು. ಆ ಕೆಮ್ಮು ಕೇಳಿದ್ದೇ ಅವಳ ಕೈಯಿಂದ ಮುಚ್ಚಳ ಜಾರಿ ಬಿತ್ತು. ಮುಖ ಕಂಡವಳಲ್ಲ, ಆದರೂ ಯಾರೆಂದು ಗೊತ್ತಾಯಿತು.

ಬಾಗಿಲಿಗೆ ಬಂದು ನೋಡಿದರೆ, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದ ಎಲುಬುಗೂಡಿನಂಥ ಮನುಷ್ಯನೊಬ್ಬ ಆಟೋದ ಕಂಬಿ ಹಿಡಿದು ನಿಂತಿದ್ದ. ಆಟೋದಿಂದ ಜಗಲಿಗೆ ಆರು ಹೆಜ್ಜೆ. ಆ ಆರು ಹೆಜ್ಜೆಗೆ ಅವನು ಎರಡು ಸಲ ನಿಂತ. ಆಂಜಿನಪ್ಪ ಹಗ್ಗ ಬಿಟ್ಟು ಎದ್ದು ತೋಳು ಹಿಡಿದು ಕೂರಿಸಿದ.

"ಯಾರು ಸ್ವಾಮಿ ತಾವು? ಯಾರು ಬೇಕಾಗಿತ್ತು?"

"ಆರುಮುಗಂ. ಕೋರಮಂಡಲ್." ಮುಂದಿನ ಮಾತಿಗೆ ಉಸಿರು ಸಾಲದೆ ಕೈಯಿಂದಲೇ ಇರಿ ಎಂದ. ಆದಿಲಕ್ಷ್ಮಮ್ಮ ಚೊಂಬಿನಲ್ಲಿ ನೀರು ತಂದಳು. ಅವನು ಕುಡಿದು, ಅವಳ ಕಡೆ ನೋಡಿ ಕೈಮುಗಿದ. "ಬೆಳಗ್ಗಿನ ಟ್ರೇನಿಗೆ ಬಂದೆನಮ್ಮಾ. ಪೂರಿ ಮಾಡೋ ಮನೆ, ಮಗ ಹೋದ ಮನೆ ಅಂತ ಕೇಳ್ಕೊಂಡು ಬಂದೆ. ಆಟೋದೋರೇ ತೋರಿಸಿದ್ರು."

ಆಂಜಿನಪ್ಪನ ಮುಖ ಕಪ್ಪಿಟ್ಟಿತು. ಹೆಂಡತಿಯನ್ನು ನೋಡಿದ. ಅವಳು ಬಾಗಿಲಿನ ಚೌಕಟ್ಟು ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

ಆರುಮುಗಂ ನಿಧಾನವಾಗಿ, ನಾಲ್ಕು ಮಾತಿಗೊಮ್ಮೆ ನಿಂತು, ಎಲ್ಲವನ್ನೂ ಆಂಜಿನಪ್ಪನಿಗೆ ಹೇಳಿದ. ಆಟ, ಹೆಸರು ಕೂಗುವುದು, ಕೈ ಎತ್ತಿದರೆ ತಾನು ಲೆಕ್ಕ ಹಿಡಿದದ್ದು. "ಹತ್ತೊಂಬತ್ತು ವರ್ಷ ಕೆಳಗೆ ಇಳಿದೆ. ಕಡೇ ಐದು ವರ್ಷ ಹೆಸರು ಕೂಗೋನು ನಾನೇ. ಒಂದು ದಿನಾನೂ ತಲೆ ಲೆಕ್ಕ ತಪ್ಪಿರ್ಲಿಲ್ಲ. ನಿಮ್ ಹುಡುಗನ ಲೆಕ್ಕ ತಪ್ಪಿದೆ. ಏಳು ತಿಂಗಳು ಇದ್ದಾನೆ ಇದ್ದಾನೆ ಅಂತ ಬರ್ಕೊಂಡೆ." ಅವನ ಕಣ್ಣಿನಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲಿಲ್ಲ. "ಈ ಅಮ್ಮನ ಮೇಲೆ ಕೋಪ ಮಾಡ್ಬೇಡಿ. ದೀಪ ಆಡಿಸಿದ್ರೆ ಸಾಕು ಅಂತ ಹೇಳಿಕೊಟ್ಟೋನು ನಾನು."

"ಏಳ್ ತಿಂಗ್ಳಿಂದ?" ಆಂಜಿನಪ್ಪ ಹೆಂಡತಿಯ ಕಡೆ ತಿರುಗಿದ. "ದಿನಾ?"

"ದಿನಾ," ಎಂದಳು ಅವಳು. "ನೀನು ಎತ್‌ಬ್ಯಾಡ ಅಂದೆ. ನಾನೇನ್ ಮಾಡ್ಲಿ?"

ಅವನು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ.

ಆರುಮುಗಂ ಷರಟಿನ ಜೇಬಿನಿಂದ ಮಡಿಸಿದ ಪುಟ್ಟ ನೋಟುಬುಕ್ಕು ತೆಗೆದ. ಗೆರೆ ಹಾಕಿದ ಹಾಳೆಯಲ್ಲಿ ತಮಿಳಿನಲ್ಲಿ ಮೂರು ಹೆಸರು, ಪ್ರತಿ ಹೆಸರಿನ ಮುಂದೆ ಸಾಲುಸಾಲಾಗಿ ಗೀಟುಗಳು. "ಹುಡುಗರು ಅಂದ್ರು, ಅಣ್ಣಾ, ನೀನೇ ಹೆಸರು ಹೊಡೆದುಬಿಡು ಅಂತ. ಹಂಗೆಲ್ಲ ಆಗಲ್ಲ. ನಮ್ಮಲ್ಲಿ ಒಂದು ಕ್ರಮ ಇತ್ತು. ಮೇಲಕ್ಕೆ ಬರದೇ ಇರೋನ ಹೆಸರನ್ನ ಮೇಸ್ತ್ರಿ ತಾನೇ ಹೊಡೆಯೋ ಹಂಗಿರ್ಲಿಲ್ಲ. ಅಪ್ಪಾನೋ ಅಣ್ಣಾನೋ ಬಂದು ನಿಂತು, ಬಾಯಿ ತೆರೆದು ಪೂರ್ತಿ ಹೆಸರು ಹೇಳಿ, 'ಬರಲ್ಲ' ಅನ್ನಬೇಕು. ಆಮೇಲೇ ಗೆರೆ. ಅದಕ್ಕೆ ಬಂದೆ. ನೀವು ಹೇಳಿದ್ರೆ ಹೊಡೀತೀನಿ. ಇಲ್ಲಾಂದ್ರೆ ಹಂಗೇ ಇರ್ಲಿ, ದಿನಾ ಕೂಗ್ತೀನಿ. ಉಸಿರು ಇರೋವರೆಗೂ ಕೂಗ್ತೀನಿ."

ಪೆನ್ನಿನ ಟೋಪಿ ತೆಗೆದು ಕಾಯುತ್ತ ಕೂತ. ಒಳಗೆ ಚಪ್ಪಡಿ ಕಲ್ಲಿನ ಮೇಲೆ ಕತ್ತರಿಸಿಟ್ಟ ಪೂರಿಗಳು ಒಣಗುತ್ತಿದ್ದವು. ಆದಿಲಕ್ಷ್ಮಮ್ಮನಿಗೆ ಅದರ ನೆನಪೂ ಇರಲಿಲ್ಲ. ಗಂಡ ಎದ್ದು ಹೋಗಿಬಿಡುತ್ತಾನೆ, ಇಲ್ಲವೇ ಈ ಮುದುಕನನ್ನು ಆಟೋಗೆ ಹತ್ತಿಸಿ ಕಳಿಸಿಬಿಡುತ್ತಾನೆ ಎಂದು ಹೆದರಿ ಅವನನ್ನೇ ನೋಡುತ್ತಿದ್ದಳು. ಆಂಜಿನಪ್ಪ ಹಗ್ಗವನ್ನು ಕೆಳಗಿಟ್ಟ. ಮೂಟೆ ಎತ್ತುವ ಮುಂಚೆ ಊರಿಕೊಳ್ಳುವ ಹಾಗೆ ಎರಡೂ ಅಂಗೈಯನ್ನು ಮೊಣಕಾಲಿಗೆ ಊರಿಕೊಂಡ.

"ವೇಣು," ಎಂದ.

ಅದು ಅವನ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಿಸಲಿಲ್ಲ. ಆರುಮುಗಂ ಬರೆಯದೆ ಹಾಗೇ ಕೂತಿದ್ದ. ಆಂಜಿನಪ್ಪ ಎದ್ದು ನಿಂತ. ಕತ್ತಿನ ನರ ಉಬ್ಬಿದವು.

"ವೇಣೂ! ವೇಣುಗೋಪಾಲ! ನನ್ ಮಗ!"

ಬೀದಿಗೆಲ್ಲ ಕೇಳಿಸುವಂತೆ ಕೂಗಿದ್ದ. 'ಬರಲ್ಲ' ಎಂಬುದು ಅವನ ಬಾಯಿಂದ ಬರಲಿಲ್ಲ. ಎದುರುಮನೆಯ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಪುಷ್ಪ, ಆ ಕೂಗಿಗೆ ತಟ್ಟನೆ ತಲೆಯೆತ್ತಿ, ಹುಡುಗ ಬರುತ್ತಿದ್ದಾನೇನೋ ಎಂಬಂತೆ ಬೀದಿಯ ತಿರುವಿನ ಕಡೆ ನೋಡಿದಳು.